ಮೇಕೆ ಹೊಸ ಪುಡಿ, ಹೊಸ ಹಿಂಡಿ ಮೂಸಿ ಬಿಟ್ಟರೆ: ರೂಢಿ ಮಾಡಿಸುವ ಕ್ರಮ

"ಮಿನರಲ್ ಪುಡಿ ತಂದು ಬೂಸಾಕ್ಕೆ ಬೆರೆಸಿ ಇಟ್ಟೆವು. ಮೇಕೆಗಳು ಮೂಸಿ ನೋಡಿ ಮುಖ ತಿರುಗಿಸಿದವು. ಏನು ಮಾಡೋಣ?" ಅರಸೀಕೆರೆ, ಕಡೂರಿನ ಬಯಲಿನಿಂದಲೂ ಸಕಲೇಶಪುರ, ಮೂಡಿಗೆರೆಯ ತೋಟಗಳಿಂದಲೂ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಪುಡಿ ಸರಿಯಿಲ್ಲವೆಂದು ಚೀಲವನ್ನು ಮೂಲೆಗೆ ತಳ್ಳುವವರಿದ್ದಾರೆ. ಎರಡು ದಿನ ಉಪವಾಸ ಹಾಕಿದರೆ ತಾನೇ ತಿನ್ನುತ್ತದೆ ಎನ್ನುವವರೂ ಇದ್ದಾರೆ. ಎರಡೂ ಬೇಡ.

"ಆಡು ಮುಟ್ಟದ ಸೊಪ್ಪಿಲ್ಲ" ಎಂಬ ಗಾದೆಯನ್ನು ನಂಬಿ ಮೋಸ ಹೋಗುವವರೇ ಹೆಚ್ಚು. ಮುಟ್ಟುತ್ತದೆ, ನಿಜ, ಆದರೆ ಒಂದು ಬಾಯಿ ಇಲ್ಲಿ, ಒಂದು ಬಾಯಿ ಅಲ್ಲಿ. ಹಸುವಿನಂತೆ ಮುಂದಿಟ್ಟದ್ದನ್ನು ಬಾಚಿ ನುಂಗುವ ಜಾತಿ ಇದಲ್ಲ. ಗೊತ್ತಿಲ್ಲದ ವಾಸನೆ ಬಂದರೆ ಮೊದಲು ಮೂಸುತ್ತದೆ, ಆಮೇಲೆ ತುಟಿಯಲ್ಲಿ ಒಂದಿಷ್ಟು ತೆಗೆದು ನೋಡುತ್ತದೆ, ಹೊಟ್ಟೆಗೆ ಒಗ್ಗಿದರೆ ಮಾತ್ರ ಮರುದಿನ ಇನ್ನಷ್ಟು. ಕಾಡಿನಲ್ಲಿ ವಿಷದ ಗಿಡಗಳ ನಡುವೆ ಬದುಕಿಕೊಂಡು ಬಂದ ಪ್ರಾಣಿಗೆ ಇದು ಹಟವಲ್ಲ, ಜಾಣತನ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸ ತಿಂಡಿಯನ್ನು ಒಪ್ಪಬೇಕಾದ್ದು ಬಾಯಿ ಮಾತ್ರ ಅಲ್ಲ, ಹೊಟ್ಟೆಯೂ ಒಪ್ಪಬೇಕು. ಬಾಯಿ ಮೂರು ನಾಲ್ಕು ದಿನದಲ್ಲಿ ಒಪ್ಪಬಹುದು. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯಲ್ಲಿ (ರೂಮೆನ್) ಮೇವನ್ನು ಕೊಳೆಸಿ ಜೀರ್ಣ ಮಾಡುವ ಸೂಕ್ಷ್ಮಜೀವಿಗಳಿರುತ್ತವೆ. ಅವು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಎರಡು ವಾರವಾದರೂ ಬೇಕು. ಹಾಗಾಗಿ ತಿನ್ನದೆ ಬಿಟ್ಟ ಮೇಕೆಗಿಂತ ಮೊದಲ ದಿನವೇ ಗಬಗಬ ತಿಂದ ಮೇಕೆಯ ಬಗ್ಗೆ ಹೆಚ್ಚು ಹೆದರಬೇಕು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ, ಅಗಲ ಬಾಯಿಯ ಬಾನಿ ಅಥವಾ ಮರದ ಗೊಂತು, ಗೋಧಿ ಬೂಸಾ, ಮುಸುಕಿನ ಜೋಳದ ನುಚ್ಚು, ಬೆಲ್ಲ, ಉಪ್ಪು. "ಒಂದು ಹಿಡಿ" ಎಂಬ ಅಳತೆಯನ್ನು ಈ ಹದಿನೈದು ದಿನ ಮರೆತುಬಿಡಿ. ನಿಮ್ಮ ಹಿಡಿಯೇ ಬೇರೆ, ಮನೆಯಲ್ಲಿ ಇನ್ನೊಬ್ಬರ ಹಿಡಿಯೇ ಬೇರೆ.

1. ಚೀಲವನ್ನು ಮೊದಲು ನೀವೇ ಮೂಸಿ

ಮೇಕೆ ಬಿಟ್ಟದ್ದು ಹೊಸದೆಂದೋ ಕೆಟ್ಟದ್ದೆಂದೋ ತಿಳಿಯದೆ ಮುಂದಿನ ಹಂತಕ್ಕೆ ಹೋಗಬೇಡಿ. ಚೀಲದೊಳಗೆ ಕೈ ಹಾಕಿ ತಳದಿಂದ ಒಂದಿಷ್ಟು ತೆಗೆಯಿರಿ. ಮುಗ್ಗಲು ವಾಸನೆ, ಗಂಟು, ಹಸಿರು ಅಥವಾ ಬೂದು ಬಣ್ಣದ ಬೂಸ್ಟು ಕಂಡರೆ ಎಸೆಯಿರಿ. ಕಡಲೆಕಾಯಿ ಹಿಂಡಿಯಲ್ಲಂತೂ ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನೇ ಹಾಳುಮಾಡುತ್ತದೆ. ಬಿಸಿಲಿಗೆ ಒಣಗಿಸಿದರೆ ಬೂಸ್ಟು ಉದುರಿಹೋದೀತು, ವಿಷ ಹಾಗೇ ಉಳಿಯುತ್ತದೆ.

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಡೆದ ಚೀಲವನ್ನು ಹದಿನೈದು ಇಪ್ಪತ್ತು ದಿನಕ್ಕಿಂತ ಹೆಚ್ಚು ಇಡಲಾಗದು. ಐದು ಮೇಕೆಗೆ 50 ಕೆ.ಜಿ. ಚೀಲ ತರುವುದು ಉಳಿತಾಯವಲ್ಲ. ಚೀಲಗಳನ್ನು ನೆಲದಿಂದ ಅರ್ಧ ಅಡಿ ಮೇಲೆ ಹಲಗೆಯ ಮೇಲಿಡಿ, ಗೋಡೆಗೆ ತಾಗಿಸಬೇಡಿ.

ಬರಹವನ್ನೂ ಓದಿ. ಖನಿಜ ಮಿಶ್ರಣ ಎಂದರೆ ಕ್ಯಾಲ್ಸಿಯಂ, ರಂಜಕ, ಸತು, ತಾಮ್ರ, ಅಯೋಡಿನ್ ಮೊದಲಾದವು ಸೇರಿದ ಪುಡಿ. ಅದರಲ್ಲಿ ಉಪ್ಪು ಮೊದಲೇ ಇದೆಯೇ ಇಲ್ಲವೇ ನೋಡಿಕೊಳ್ಳಿ. ಇದ್ದರೆ ನೀವು ಮತ್ತೆ ಹಾಕುವುದು ಬೇಡ.

ಕುರಿ, ಮೇಕೆ ಎರಡೂ ಒಂದೇ ರೊಪ್ಪದಲ್ಲಿದ್ದರೆ ಇಲ್ಲಿ ನಿಲ್ಲಿ. ಮೇಕೆಗೆ ಬೇಕಾದಷ್ಟು ತಾಮ್ರ ಕುರಿಗೆ ಹೆಚ್ಚಾಗುತ್ತದೆ. ದನಕ್ಕೆಂದು ಮಾಡಿದ ಖನಿಜ ಮಿಶ್ರಣವನ್ನು ಕುರಿ ತಿಂಗಳುಗಟ್ಟಲೆ ತಿಂದರೆ ತಾಮ್ರ ಯಕೃತ್ತಿನಲ್ಲಿ ಕೂಡಿಕೊಳ್ಳುತ್ತಾ ಹೋಗಿ, ಒಂದು ದಿನ ಕಣ್ಣು ಹಳದಿಯಾಗಿ, ಕಡು ಕೆಂಪು ಉಚ್ಚೆ ಹೊಯ್ದು ಸಾಯುತ್ತದೆ. ಎರಡಕ್ಕೂ ಬೇರೆ ಬೇರೆ ಬಾನಿ ಇಡಿ, ಕುರಿಗೆ ಕುರಿಯದೇ ಮಿಶ್ರಣ ತನ್ನಿ. ಕಾಫಿ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ತೋಟಗಳವರಿಗೆ ಇದು ಇನ್ನೂ ಮುಖ್ಯ. ಆ ದ್ರಾವಣದ ಮೈಲುತುತ್ತವೂ ತಾಮ್ರವೇ. ಗಿಡದ ಕೆಳಗಿನ ಹುಲ್ಲಿನ ಮೇಲೆ ಬಿದ್ದದ್ದು ಮಂದೆಯ ಹೊಟ್ಟೆಗೇ ಹೋಗುತ್ತದೆ.

2. ಶುರುಮಾಡುವ ದಿನ ಆರಿಸಿ

ಜಂತುನಾಶಕ ಕುಡಿಸಿದ ದಿನ, ಲಸಿಕೆ ಹಾಕಿಸಿದ ದಿನ, ಸಂತೆಯಿಂದ ಗಾಡಿಯಲ್ಲಿ ತಂದಿಳಿಸಿದ ದಿನ ಹೊಸ ತಿಂಡಿ ಇಡಲೇಬೇಡಿ. ಹೊಸ ರುಚಿ ನೋಡಿದ ಮೇಲೆ ಹೊಟ್ಟೆ ಕೆಟ್ಟರೆ, ಕಾರಣ ಬೇರೆಯಿದ್ದರೂ ಮೇಕೆ ಆ ರುಚಿಯನ್ನೇ ದೂರುತ್ತದೆ. ಆಮೇಲೆ ವಾರಗಟ್ಟಲೆ ಅದರ ಹತ್ತಿರ ಸುಳಿಯುವುದಿಲ್ಲ. ಹೊಸ ಪುಡಿಯೊಳಗೆ ಔಷಧಿ ಬಚ್ಚಿಟ್ಟು ತಿನ್ನಿಸುವ ಉಪಾಯವೂ ಇದೇ ಕಾರಣಕ್ಕೆ ತಿರುಗುಬಾಣವಾಗುತ್ತದೆ.

ಕರುಳು ಬೇನೆಯ (ಇ.ಟಿ.) ಲಸಿಕೆ ಆಗಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ, ಎರಡು ವಾರ ಬಿಟ್ಟು ಹಿಂಡಿ ಶುರುಮಾಡಿ. ಕಾಳು, ಹಿಂಡಿ ಒಮ್ಮೆಗೇ ಹೆಚ್ಚಾದಾಗ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಬಿಡುವುದರಿಂದ ಬರುವ ರೋಗ ಅದು. ಸಾಮಾನ್ಯವಾಗಿ ಚೆನ್ನಾಗಿ ಮೇಯ್ದು ದುಂಡಗಿರುವ ಮರಿಯೇ ಮೊದಲು ಬೀಳುತ್ತದೆ.

ಹೊಸದಾಗಿ ಕೊಂಡ ಮೇಕೆಗಳಿಗೆ ಹತ್ತು ದಿನ ಅವು ಹಿಂದೆ ತಿನ್ನುತ್ತಿದ್ದದ್ದನ್ನೇ ಕೊಡಿ. ಕಡೂರು ಕಡೆಯ ಮೇಕೆ ಹುರುಳಿ ಹೊಟ್ಟು, ತೊಗರಿ ಹೊಟ್ಟು, ಜಾಲಿ ಕಾಯಿ ತಿಂದು ಬೆಳೆದದ್ದು. ಅದನ್ನು ಮೂಡಿಗೆರೆಯ ತೋಟಕ್ಕೆ ತಂದು ಒಂದೇ ವಾರದಲ್ಲಿ ಹಲಸಿನ ಸೊಪ್ಪು, ಅಜೋಲ್ಲಾ (ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಮೇವಿನ ಗಿಡ), ಚೀಲದ ಫೀಡು ಎಲ್ಲವನ್ನೂ ಮುಂದಿಟ್ಟರೆ ಯಾವುದನ್ನು ನಂಬೀತು? ಕೊಳ್ಳುವಾಗಲೇ "ಏನು ಹಾಕ್ತಿದ್ರಿ?" ಎಂದು ಕೇಳಿ, ಒಂದು ಚೀಲ ಹೊಟ್ಟನ್ನೂ ಜೊತೆಗೇ ತನ್ನಿ.

3. ಪರಿಚಯದ ತಿಂಡಿಯ ಬೆನ್ನೇರಿಸಿ

ಹೊಸ ಪುಡಿಯೊಂದನ್ನೇ ತಿನ್ನಿಸಲಾಗದು. ಅದನ್ನು ಹೊತ್ತುಕೊಂಡು ಹೋಗಲು ಮೇಕೆ ಇಷ್ಟಪಟ್ಟು ತಿನ್ನುವ ಇನ್ನೊಂದು ಬೇಕು. ನಿಮ್ಮ ಮೇಕೆಗಳು ಬರೀ ಮೇಯ್ದು ಬರುವಂಥವಾಗಿದ್ದು ಬೂಸಾದ ಗುರುತೇ ಇಲ್ಲದಿದ್ದರೆ, ಮೊದಲ ನಾಲ್ಕು ದಿನ ಬೂಸಾವನ್ನೇ ಕಲಿಸಿ. ಎರಡನ್ನೂ ಒಟ್ಟಿಗೆ ಕಲಿಸಲು ಹೋಗುವುದೇ ಅರ್ಧ ಸೋಲಿಗೆ ಕಾರಣ.

ಹತ್ತು ದೊಡ್ಡ ಮೇಕೆಗೆ (25ರಿಂದ 35 ಕೆ.ಜಿ. ತೂಗುವಂಥವು) ಒಂದು ಹೊತ್ತಿಗೆ:

ಗೋಧಿ ಬೂಸಾ 600 ಗ್ರಾಂ
ಮುಸುಕಿನ ಜೋಳದ ನುಚ್ಚು 400 ಗ್ರಾಂ
ಬೆಲ್ಲ 50 ಗ್ರಾಂ, ಕಾಲು ಲೀಟರ್ ನೀರಿನಲ್ಲಿ ಕರಗಿಸಿದ್ದು
ಉಪ್ಪು 50 ಗ್ರಾಂ (ಖನಿಜ ಮಿಶ್ರಣದಲ್ಲಿ ಉಪ್ಪಿಲ್ಲದಿದ್ದರೆ ಮಾತ್ರ)

ಬೆಲ್ಲದ ನೀರನ್ನು ಚಿಮುಕಿಸಿ ಕಲೆಸಿ. ಹಿಡಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು, ನೀರು ಸೋರಬಾರದು. ಒಣಗಿದ್ದರೆ ಧೂಳು ಮೂಗಿಗೆ ಹೋಗಿ ಸೀನಿ ಬಿಡುತ್ತವೆ, ಗಂಜಿಯಾದರೆ ಮೀಸೆಗೆ ಮೆತ್ತಿಕೊಂಡು ಬಿಡುತ್ತವೆ. ಹಸುವಿಗೆ ಹಿಂಡಿ ನೆನೆಸಿಡುವ ಅಭ್ಯಾಸವನ್ನು ಇಲ್ಲಿ ತರಬೇಡಿ.

ಖನಿಜದ ಪುಡಿಯನ್ನು ಕೊನೆಗೆ ಹಾಕಿ. ಅದನ್ನು ಮೊದಲು ಒಂದು ಹಿಡಿ ಒಣ ಬೂಸಾದೊಂದಿಗೆ ಚೆನ್ನಾಗಿ ಬೆರೆಸಿ, ಆಮೇಲೆ ಒದ್ದೆ ಮಾಡಿದ ರಾಶಿಯ ಮೇಲೆ ಉದುರಿಸಿ ಕೈಯಾಡಿಸಿ. ನೇರವಾಗಿ ಸುರಿದರೆ ಒಂದು ಕಡೆ ಗಂಟಾಗುತ್ತದೆ. ಮೆಗ್ನೀಸಿಯಂ ಕಹಿ, ಕಬ್ಬಿಣಕ್ಕೆ ಲೋಹದ ರುಚಿ. ಅಂಥ ಒಂದು ತುತ್ತು ಸಿಕ್ಕ ಮೇಕೆ ಆ ಬಾನಿಗೆ ನಾಳೆ ಬಾಯಿ ಹಾಕುವುದಿಲ್ಲ.

4. ಅಳತೆ ಏರಿಸುವ ಕ್ರಮ

ದೊಡ್ಡ ಮೇಕೆಗೆ ದಿನಕ್ಕೆ 10 ಗ್ರಾಂ ಖನಿಜ ಮಿಶ್ರಣ ನಮ್ಮ ಗುರಿ, ಮೂರು ತಿಂಗಳು ದಾಟಿದ ಮರಿಗೆ 5 ಗ್ರಾಂ. ನಿಮ್ಮ ಪುಡಿಯ ಚೀಲದ ಮೇಲೆ ಬೇರೆ ಅಳತೆ ಬರೆದಿದ್ದರೆ ಅದನ್ನೇ ಹಿಡಿಯಿರಿ. ಮೇಲಿನ ಒಂದು ಕೆ.ಜಿ. ಮಿಶ್ರಣಕ್ಕೆ, ಹತ್ತು ಮೇಕೆಗಳ ಲೆಕ್ಕದಲ್ಲಿ:

ಮೊದಲ 3 ದಿನ 20 ಗ್ರಾಂ
4ರಿಂದ 6ನೇ ದಿನ 40 ಗ್ರಾಂ
7ರಿಂದ 9ನೇ ದಿನ 70 ಗ್ರಾಂ
10ನೇ ದಿನದಿಂದ 100 ಗ್ರಾಂ

ಬೆಳಿಗ್ಗೆ ಮೇಯಲು ಬಿಡುವ ಮುಂಚೆ ಇಡಿ. ರಾತ್ರಿಯಿಡೀ ಕಳೆದ ಹಸಿವೇ ಸಾಕು, ಬೇರೆ ಉಪವಾಸ ಬೇಕಿಲ್ಲ. ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನು ತೆಗೆದುಬಿಡಿ. ಎಂಜಲಾದ, ಹಿಕ್ಕೆ ಬಿದ್ದ ಬಾನಿಗೆ ಮೇಕೆ ಮತ್ತೆ ಮೂತಿ ಹಾಕದು, ಸಂಜೆಯವರೆಗೆ ಬಿಟ್ಟರೆ ಹುಳಿಯೂ ಬರುತ್ತದೆ. ಉಳಿದದ್ದನ್ನು ಹಸುವಿಗೆ ಹಾಕಿ, ಬಾನಿ ತೊಳೆದು ಬೋರಲು ಹಾಕಿ.

ಯಾವುದಾದರೂ ಹಂತದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಳಿದರೆ ಹಿಂದಿನ ಅಳತೆಗೆ ಇಳಿದು ಎರಡು ದಿನ ಅಲ್ಲೇ ನಿಲ್ಲಿ. ಹದಿನೈದು ದಿನ ಇಪ್ಪತ್ತಾದರೆ ನಷ್ಟವೇನಿಲ್ಲ. ಎಂಟನೇ ದಿನದಿಂದ ಬೆಲ್ಲವನ್ನು ಅರ್ಧ ಮಾಡಿ, ಎರಡನೇ ವಾರದ ಕೊನೆಗೆ ನಿಲ್ಲಿಸಿ. ಒಮ್ಮೆಗೇ ನಿಲ್ಲಿಸಿದರೆ ಮತ್ತೆ ಮೊದಲಿನ ಕಥೆ.

ತುಂಬು ಗಬ್ಬದ ಮೇಕೆಗೆ, ಅದರಲ್ಲೂ ಅವಳಿ ಮರಿ ಹೊತ್ತದ್ದಕ್ಕೆ, ಕೊನೆಯ ತಿಂಗಳಲ್ಲಿ ಒಂದು ಹೊತ್ತೂ ಹೊಟ್ಟೆ ಖಾಲಿ ಬಿಡಬಾರದು. ಮೈಯ ಕೊಬ್ಬು ಕರಗಿ ಕೀಟೋನ್ ಎಂಬ ವಿಷವಸ್ತು ರಕ್ತದಲ್ಲಿ ಹೆಚ್ಚಿ ಮೇಕೆ ಮಲಗಿಬಿಡುತ್ತದೆ. ತಿನ್ನದಿದ್ದರೆ ಬೇಡ ಬಿಡಿ, ಅದು ಒಪ್ಪುವ ಸೊಪ್ಪನ್ನೇ ಕೊಡಿ.

5. ಧೈರ್ಯದ ಮೇಕೆಯನ್ನು ಮುಂದೆ ಬಿಡಿ

ಪ್ರತಿ ಮಂದೆಯಲ್ಲೂ ಚೀಲಕ್ಕೆ ಮೂತಿ ಹಾಕುವ, ಅಂಗಳದ ಹಪ್ಪಳ ಕದಿಯುವ ಒಂದು ಮೇಕೆ ಇರುತ್ತದೆ. ಅದನ್ನೂ ಅದರ ಪಕ್ಕದ ಎರಡನ್ನೂ ಮೊದಲ ದಿನ ಉಳಿದವುಗಳ ಕಣ್ಣೆದುರೇ ತಿನ್ನಲು ಬಿಡಿ. ಒಂದು ತಿನ್ನುವುದನ್ನು ನೋಡಿ ಇನ್ನೊಂದು ಬರುತ್ತದೆ. ಮರಿಗಳು ತಾಯಿಯ ಬಾಯಿಂದಲೇ ಕಲಿಯುತ್ತವೆ, ಹಾಗಾಗಿ ತಾಯಿ ಜೊತೆಯಲ್ಲಿರುವಾಗಲೇ ಅವಕ್ಕೂ ರುಚಿ ತೋರಿಸಿ.

ಎರಡನೇ ದಿನದಿಂದ ಜಾಗದ ಲೆಕ್ಕ. ದೊಡ್ಡ ಮೇಕೆಗೆ ಗೊಂತಿನಲ್ಲಿ ಒಂದು ಅಡಿಗಿಂತ ತುಸು ಹೆಚ್ಚು, ಮರಿಗೆ ಮುಕ್ಕಾಲು ಅಡಿ ಬೇಕು. ಜಾಗ ಸಾಲದಿದ್ದರೆ ಹೋತವೂ ಕೊಂಬಿನ ಮೇಕೆಗಳೂ ಎಲ್ಲವನ್ನೂ ಬಾಚಿಕೊಳ್ಳುತ್ತವೆ. "ಬಾನಿ ಖಾಲಿಯಾಯ್ತು, ಎಲ್ಲಾ ತಿಂದ್ವು" ಎಂದು ನೀವಂದುಕೊಳ್ಳುತ್ತೀರಿ. ಎರಡಕ್ಕೆ ಹೆಚ್ಚಾಗಿರುತ್ತದೆ, ಎಂಟಕ್ಕೆ ಸಿಕ್ಕಿರುವುದಿಲ್ಲ. ಆ ಇಪ್ಪತ್ತು ನಿಮಿಷ ಅಲ್ಲೇ ನಿಂತು ನೋಡುವುದಕ್ಕೆ ಬದಲಿ ಇಲ್ಲ. ಪುಕ್ಕಲು ಮೇಕೆಗಳಿಗೆ ಬೇರೆ ಮೂಲೆಯಲ್ಲಿ ಬೇರೆ ಬಾನಿ ಇಡಿ.

6. ಹಿಂಡಿ, ಕಾಳು, ಚೀಲದ ಫೀಡು: ಇಲ್ಲಿ ಅವಸರ ಬೇಡ

ಪುಡಿಯ ತೊಂದರೆ ಮೇಕೆ ತಿನ್ನುವುದಿಲ್ಲ ಎಂಬುದು. ಹಿಂಡಿ, ಕಾಳಿನ ತೊಂದರೆ ಮೇಕೆ ತಿಂದುಬಿಡುತ್ತದೆ ಎಂಬುದು.

ಮನೆಯಲ್ಲೇ ಬೆರೆಸುವವರಿಗೆ 10 ಕೆ.ಜಿ.ಯ ಲೆಕ್ಕ: ಮುಸುಕಿನ ಜೋಳದ ನುಚ್ಚು 3.5 ಕೆ.ಜಿ., ಕಡಲೆಕಾಯಿ ಹಿಂಡಿ 2.5 ಕೆ.ಜಿ., ಗೋಧಿ ಬೂಸಾ 3.7 ಕೆ.ಜಿ., ಖನಿಜ ಮಿಶ್ರಣ 200 ಗ್ರಾಂ, ಉಪ್ಪು 100 ಗ್ರಾಂ. ಅರಸೀಕೆರೆ ಕಡೆ ಕೊಬ್ಬರಿ ಹಿಂಡಿ ಸುಲಭವಾಗಿ ಸಿಗುವುದರಿಂದ ಕಡಲೆಕಾಯಿ ಹಿಂಡಿಯ ಅರ್ಧದ ಬದಲು ಅದನ್ನು ಹಾಕಬಹುದು, ಕಮಟು ವಾಸನೆ ಇರಬಾರದು ಅಷ್ಟೆ. ಹಿಂಡಿಯನ್ನು ಬೇಳೆಯ ಗಾತ್ರಕ್ಕೆ ಒಡೆಯಿರಿ, ಹಿಟ್ಟು ಮಾಡಬೇಡಿ. ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷಾಂಶವಿರುವುದರಿಂದ ಮರಿಗಳಿಗೆ ಬೇಡ.

ದೊಡ್ಡ ಮೇಕೆಗೆ ಮೊದಲ ಮೂರು ದಿನ ದಿನಕ್ಕೆ 50 ಗ್ರಾಂ. ಮೂರು ದಿನಕ್ಕೊಮ್ಮೆ 50 ಗ್ರಾಂ ಏರಿಸುತ್ತಾ ಹೋದರೆ ಹದಿಮೂರನೇ ದಿನಕ್ಕೆ 250 ಗ್ರಾಂ ತಲುಪುತ್ತೀರಿ. 100 ದಾಟಿದ ಮೇಲೆ ಬೆಳಿಗ್ಗೆ, ಸಂಜೆ ಎರಡು ಪಾಲು ಮಾಡಿ. ಹಿಂಡಿಗೆ ಮುಂಚೆ ಒಂದಿಷ್ಟು ಒಣಹುಲ್ಲೋ ಹೊಟ್ಟೋ ಹೊಟ್ಟೆಗೆ ಬಿದ್ದಿರಲಿ. ಈಗಾಗಲೇ ಒಂದು ಕಂಪನಿಯ ಫೀಡು ತಿನ್ನುತ್ತಿದ್ದು ಇನ್ನೊಂದಕ್ಕೆ ಬದಲಿಸುವವರು ನಾಲ್ಕು ದಿನ ಕಾಲು ಪಾಲು ಹೊಸದು, ನಾಲ್ಕು ದಿನ ಅರ್ಧ, ನಾಲ್ಕು ದಿನ ಮುಕ್ಕಾಲು ಎಂದು ಬೆರೆಸಿ.

ಈ ಮಿಶ್ರಣದ 250 ಗ್ರಾಂನಲ್ಲಿ 5 ಗ್ರಾಂ ಖನಿಜ ಆಗಲೇ ಸೇರಿದೆ ಎಂಬುದನ್ನು ಮರೆಯಬೇಡಿ. ಅದರ ಮೇಲೆ ಮತ್ತೆ 10 ಗ್ರಾಂ ಸುರಿಯುವುದು ದುಡ್ಡಿಗೂ ದಂಡ, ರುಚಿಗೂ ದಂಡ. 5 ಗ್ರಾಂ ಸಾಕು.

ಹಬ್ಬಕ್ಕೆಂದು ಕೊಬ್ಬಿಸುವ ಬೀಜ ಹೊಡೆಸಿದ ಹೋತಗಳಿಗೆ ಬೂಸಾ, ತೌಡು, ಕಾಳು ಹೆಚ್ಚಾದರೆ ರಂಜಕ ಹೆಚ್ಚಿ ಮೂತ್ರನಾಳದಲ್ಲಿ ಕಲ್ಲು ಕಟ್ಟುತ್ತದೆ. ಕ್ಯಾಲ್ಸಿಯಂ ರಂಜಕದ ಎರಡರಷ್ಟಿರಬೇಕು, ಶುದ್ಧ ನೀರು ಸದಾ ಮುಂದಿರಬೇಕು. ಮುಕ್ಕರಿಯುತ್ತಾ ಹನಿ ಹನಿ ಉಚ್ಚೆ ಹೊಯ್ಯುವ ಹೋತವನ್ನು ಮರುದಿನದವರೆಗೆ ಕಾಯಿಸಬೇಡಿ. ಬ್ರಾಯ್ಲರ್ ಕೋಳಿಯ ಫೀಡು ಹಾಕಿದರೆ ಬೇಗ ತೂಕ ಬರುತ್ತದೆಂಬ ಮಾತನ್ನೂ ಕಿವಿಗೆ ಹಾಕಿಕೊಳ್ಳಬೇಡಿ.

7. ನಮ್ಮ ಕಡೆ ಸಿಗುವ ಕೆಲವು

ಅಜೋಲ್ಲಾ: ಮೇಕೆ ಇದನ್ನು ಬಿಡುವುದು ಬೆಳೆಸುವ ತೊಟ್ಟಿಗೆ ಹಾಕಿದ ಸಗಣಿಯ ವಾಸನೆಗೆ. ಜರಡಿಯಲ್ಲಿ ಹಾಕಿ ಮೂರು ನಾಲ್ಕು ಸಲ ಒಳ್ಳೆ ನೀರಿನಲ್ಲಿ ತೊಳೆದು, ಅರ್ಧ ಗಂಟೆ ಸೋರಲು ಬಿಟ್ಟು, ಸಮ ತೂಕದ ಬೂಸಾದೊಂದಿಗೆ ಬೆರೆಸಿ. 50 ಗ್ರಾಂನಿಂದ ಶುರುಮಾಡಿ ಹತ್ತು ದಿನದಲ್ಲಿ 200 ಗ್ರಾಂಗೆ ತನ್ನಿ.

ಗೊಬ್ಬರದ ಗಿಡ (ಗ್ಲಿರಿಸಿಡಿಯಾ): ಹಸಿ ಸೊಪ್ಪಿನ ವಾಸನೆಗೇ ಮೇಕೆ ಹಿಂದೆ ಸರಿಯುತ್ತದೆ. ಸಂಜೆ ಕಡಿದು ನೆರಳಲ್ಲಿ ತೆಳ್ಳಗೆ ಹರಡಿ, ಬಾಡಿದ್ದನ್ನು ಬೆಳಿಗ್ಗೆ ಹಲಸಿನ ಸೊಪ್ಪಿನ ಕಂತೆಯೊಳಗೆ ಸೇರಿಸಿ ಕಟ್ಟಿ ತೂಗುಹಾಕಿ. ರೂಢಿಯಾದ ಮೇಲೂ ಹಸಿರು ಮೇವಿನ ಮೂರರಲ್ಲಿ ಒಂದು ಪಾಲು ಮೀರದಿರಲಿ. ಬಾಡಿದ್ದು ಬೇಕು, ರಾಶಿಯಲ್ಲಿ ಬೆಂದು ಬೂಸ್ಟು ಹಿಡಿದದ್ದು ಬೇಡ.

ನೆಕ್ಕುವ ಇಟ್ಟಿಗೆ (ಖನಿಜ, ಉಪ್ಪು ಸೇರಿಸಿ ಗಟ್ಟಿಯಾಗಿ ಒತ್ತಿದ್ದು): ಮೂತಿಯ ಮಟ್ಟಕ್ಕೆ, ಮಳೆಯ ಎರಚಲು ತಾಗದ ಕಡೆ ತೂಗುಹಾಕಿ. ಮೊದಲ ಎರಡು ದಿನ ಬೆಲ್ಲದ ನೀರು ಸವರಿದರೆ ನೆಕ್ಕುವುದನ್ನು ಕಲಿಯುತ್ತವೆ. ಯೂರಿಯಾ ಸೇರಿದ ಇಟ್ಟಿಗೆಯಾದರೆ ಆರು ತಿಂಗಳೊಳಗಿನ ಮರಿಗಳಿಗೂ ಖಾಲಿ ಹೊಟ್ಟೆಗೂ ಕೊಡಬಾರದು, ಪುಡಿ ಮಾಡಿ ನೀರಿಗೆ ಹಾಕಲಂತೂ ಬಾರದು. ಪ್ರಾಣಕ್ಕೇ ಕುತ್ತು.

ಆಲೂಗೆಡ್ಡೆ: ಹಾಸನದ ಕಡೆ ಕೀಳುವ ಕಾಲಕ್ಕೆ ತಿಪ್ಪೆಗೆ ಬೀಳುವ ಗೆಡ್ಡೆ ಮೇಕೆಗೆ ಬಿಟ್ಟಿ ಮೇವಿನಂತೆ ಕಾಣುತ್ತದೆ. ಹಸಿರು ತಿರುಗಿದ್ದು, ಮೊಳಕೆ ಬಂದದ್ದು, ಕೊಳೆತದ್ದು, ಗಿಡದ ಸೊಪ್ಪು ನಾಲ್ಕೂ ಬೇಡ. ಸೊಲನಿನ್ ಎಂಬ ವಿಷ. ಒಳ್ಳೆಯ ಗೆಡ್ಡೆಯಾದರೂ ಹೆಚ್ಚಿ ಕೊಡಿ, ಇಡಿಯಾಗಿ ನುಂಗಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕಾಫಿ ಸಿಪ್ಪೆಯ ಬಗ್ಗೆಯೂ ಕೇಳುತ್ತಾರೆ. ಕೆಫೀನು, ಟ್ಯಾನಿನ್ ಎರಡೂ ತುಂಬಿದ ವಸ್ತು ಅದು. ಮೇಕೆ ಬಿಟ್ಟರೆ ಮೇಕೆಯ ಮಾತೇ ಸರಿ, ಗೊಬ್ಬರದ ಗುಂಡಿಗೆ ಹಾಕಿ.

8. ಎಡವಟ್ಟಾದರೆ

ಮೇಕೆ ಚೀಲ ಹರಿದು ಜೋಳವನ್ನೋ ಫೀಡನ್ನೋ ತಿಂದಿದೆ, ಅಥವಾ ಮದುವೆ ಮನೆಯ ಅನ್ನ ಸಿಕ್ಕಿದೆ. ಕೆಲವೇ ಗಂಟೆಗಳಲ್ಲಿ ಮೊದಲ ಹೊಟ್ಟೆಯಲ್ಲಿ ಹುಳಿ ಏರುತ್ತದೆ (ಅಸಿಡೋಸಿಸ್). ಮೆಲುಕು ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಎಡ ಪಕ್ಕೆ ಉಬ್ಬುತ್ತದೆ, ಹಿಕ್ಕೆ ಹೋಗಿ ಹುಳಿ ವಾಸನೆಯ ಬೇಧಿ ಶುರುವಾಗುತ್ತದೆ, ತೂರಾಡುತ್ತದೆ. ಇಷ್ಟೆಲ್ಲ ಕಾಣುವವರೆಗೆ ಕಾಯಬೇಡಿ. ಕಾಳು ತಿಂದದ್ದು ಗೊತ್ತಾದ ಕೂಡಲೇ ಉಳಿದ ತಿಂಡಿ ನಿಲ್ಲಿಸಿ, ಒಣಹುಲ್ಲು ಮಾತ್ರ ಇಟ್ಟು, ಪಶುವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಅವರು ಬರುವುದು ತಡವಾಗುವಂತಿದ್ದು ಮೇಕೆ ಇನ್ನೂ ನಿಂತಿದ್ದರೆ, ಅವರನ್ನು ಕೇಳಿಕೊಂಡು 15 ಗ್ರಾಂ ಅಡುಗೆ ಸೋಡಾವನ್ನು 200 ಮಿ.ಲೀ. ನೀರಿನಲ್ಲಿ ಕಲಸಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕುಡಿಸಬಹುದು. ತಲೆಯನ್ನು ಮೇಲಕ್ಕೆತ್ತಿ ಹಿಡಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಲಗಿದ ಮೇಕೆಗೆ ಏನನ್ನೂ ಕುಡಿಸಬೇಡಿ.

ರೂಢಿ ಮಾಡಿಸುವ ದಿನಗಳಲ್ಲಿ ಹಿಕ್ಕೆ ತುಸು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡರೆ ಅದು ಮುನ್ಸೂಚನೆ. ಏರಿಸುವುದನ್ನು ಅಲ್ಲೇ ನಿಲ್ಲಿಸಿ, ಒಂದು ಹಂತ ಕೆಳಗಿಳಿಯಿರಿ.

9. ಎಲ್ಲವೂ ತಿಂದು ಒಂದು ಮಾತ್ರ ತಿನ್ನದಿದ್ದರೆ

ಹದಿನೈದು ದಿನವಾದರೂ ಒಂದೇ ಮೇಕೆ ದೂರ ನಿಂತಿದ್ದರೆ ಅದರ ಬಾಯಿ ತೆರೆದು ನೋಡಿ. ತುಟಿಯಲ್ಲಿ ಹಕ್ಕಳೆ, ಒಸಡಿನಲ್ಲಿ ಹುಣ್ಣು, ಸವೆದ ಅಥವಾ ಅಲುಗುವ ಹಲ್ಲು, ಮೂಗಿನಿಂದ ಸಿಂಬಳ, ಜ್ವರ ಇವುಗಳಲ್ಲಿ ಯಾವುದಿದ್ದರೂ ಅದು ರುಚಿಯ ಮಾತಲ್ಲ, ವೈದ್ಯರಿಗೆ ತೋರಿಸಿ. ಅದಾವುದೂ ಇಲ್ಲದೆ ಬರೀ ಮೊಂಡಾಟವಾದರೆ 20 ಗ್ರಾಂ ರಾಗಿ ಹಿಟ್ಟು, ನೆಲ್ಲಿಕಾಯಿ ಗಾತ್ರದ ಬೆಲ್ಲ, 5 ಗ್ರಾಂ ಖನಿಜ ಮಿಶ್ರಣಕ್ಕೆ ನಾಲ್ಕು ಹನಿ ನೀರು ಹಾಕಿ ಎರಡು ಸಣ್ಣ ಉಂಡೆ ಕಟ್ಟಿ. ದಿನವೂ ಒಂದೇ ಹೊತ್ತಿಗೆ, ಒಬ್ಬರೇ, ಕೈಯಿಂದಲೇ ಕೊಡಿ. ವಾರದ ಮೇಲೆ ಅದೇ ಉಂಡೆಯನ್ನು ಬಾನಿಯ ಬೂಸಾದ ಮೇಲಿಡಿ, ಆಮೇಲೆ ಪುಡಿ ಮಾಡಿ ಬೂಸಾದಲ್ಲಿ ಬೆರೆಸಿ.